ಮಾತೃಸ್ಮರಣೆ: ಮೋಹವೋ, ಧರ್ಮವೋ?



ಹೆತ್ತ ತಾಯಿಯ ಋಣ ತೀರಿಸಲಾಗದ್ದು ಎಂಬ ಮಾತನ್ನು ಒಪ್ಪದವರು ಲೋಕದಲ್ಲಿ ಇಲ್ಲ. ಎಂಬತ್ತು ತೊಂಬತ್ತು ವರ್ಷ ಬಾಳಿ, ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನು ಎತ್ತಿ ಆಡಿಸಿ, ಇಡೀ ಆಯುಷ್ಯವನ್ನು ಮನೆಯ ಹೊಸ್ತಿಲೊಳಗೇ ಸವೆಸಿದ ತಾಯಿಯೊಬ್ಬಳು ದೇಹ ಬಿಟ್ಟಾಗ ಮನೆಯಲ್ಲಿ ಎಲ್ಲವೂ ಇದ್ದು ಏನೂ ಇಲ್ಲದಂತಾಗುತ್ತದೆ. ಮಗನಿಗೆ ಅರವತ್ತು ದಾಟಿದ್ದರೂ ಆ ದಿನ ಅವನು ತಬ್ಬಲಿಯೇ.

ಆದರೆ ಜಿನಧರ್ಮದಲ್ಲಿ ಹುಟ್ಟಿದವರ ಮುಂದೆ ಆಗ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಶ್ರಾವಕನು ಪ್ರತಿದಿನ ಬಸದಿಗೆ ಹೋಗಿ ಕೈಮುಗಿಯುವುದು ವೀತರಾಗನಿಗೆ. ರಾಗವನ್ನೂ ದ್ವೇಷವನ್ನೂ ಗೆದ್ದವನಿಗೆ. ಮಕ್ಕಳಿಗೆ ತಾಯಿಯ ಮೇಲಿರುವ ಪ್ರೀತಿಯೂ ರಾಗವೇ ಅಲ್ಲವೇ? ಎಂಟು ಕರ್ಮಗಳಲ್ಲಿ ಅರಸನೆನಿಸಿದ ಮೋಹನೀಯ ಕರ್ಮದ ಬೇರು ಇಂತಹ ಸಂಬಂಧಗಳಲ್ಲಿಯೇ ಇಳಿದಿದೆ ಎಂದು ಆಚಾರ್ಯರು ಎಚ್ಚರಿಸಿದ್ದಾರೆ. ಹಾಗಿದ್ದಲ್ಲಿ ಅಗಲಿದ ತಾಯಿಯನ್ನು ನೆನೆಯುವುದು ಧರ್ಮವೋ, ಅಥವಾ ಬಂಧವನ್ನು ಇನ್ನಷ್ಟು ಬಿಗಿ ಮಾಡುವ ಮೋಹವೋ?

ಇದು ಪಂಡಿತರ ಚರ್ಚೆಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ. ಕೊಯಮತ್ತೂರಿನ ಒಪ್ಪಣಕ್ಕಾರ ಬೀದಿಯಿಂದ ತಿರುಪ್ಪೂರಿನ ಖಾದರ್‌ಪೇಟೆಯವರೆಗೆ ವ್ಯಾಪಾರ ಮಾಡಿಕೊಂಡಿರುವ ಜೈನ ಕುಟುಂಬಗಳು ಮನೆಯಲ್ಲಿ ಕನ್ನಡ, ಗುಜರಾತಿ, ಮಾರವಾಡಿ, ತಮಿಳು ಎಂದು ಬೇರೆ ಬೇರೆ ಮಾತನ್ನಾಡುತ್ತವೆ. ಹಿರಿಯ ತಾಯಿಯೊಬ್ಬಳು ಅಗಲಿದಾಗ ಮಾತ್ರ ಎಲ್ಲ ಮನೆಗಳಲ್ಲಿಯೂ ನಡೆಯುವುದು ಒಂದೇ. ಭಾವಚಿತ್ರಕ್ಕೆ ಗಂಧದ ಹಾರ, ಪತ್ರಿಕೆಯಲ್ಲಿ ಶ್ರದ್ಧಾಂಜಲಿ, ಬಸದಿಗೆ ಅವಳ ಹೆಸರಿನಲ್ಲಿ ದೇಣಿಗೆ, ಕಲ್ಲಿನ ಮೇಲೆ ಹೆಸರು. ಇವು ತಪ್ಪೆಂದು ಯಾರೂ ಹೇಳಲಾರರು. ಇವೆಲ್ಲ ಯಾರಿಗಾಗಿ ಎಂದು ಒಮ್ಮೆ ಕೇಳಿಕೊಳ್ಳುವುದು ಮಾತ್ರ ಅಗತ್ಯ.

ಅವರವರ ಲೆಕ್ಕ ಅವರವರದು

ಕರ್ಮಸಿದ್ಧಾಂತದ ಮೊದಲ ಪಾಠ ವ್ಯಾಪಾರಿಗಳಿಗೆ ಬೇಗ ಅರ್ಥವಾಗುವಂಥದು. ಒಬ್ಬರ ಖಾತೆಯ ಜಮೆಯನ್ನು ಮತ್ತೊಬ್ಬರ ಖಾತೆಗೆ ಬರೆಯಲು ಇಲ್ಲಿ ಅವಕಾಶವಿಲ್ಲ. ಜೀವವು ಒಂದು ದೇಹವನ್ನು ಬಿಟ್ಟ ನಾಲ್ಕು ‘ಸಮಯ’ಗಳೊಳಗೆ ತನ್ನ ಮುಂದಿನ ನೆಲೆಯನ್ನು ಸೇರುತ್ತದೆ ಎಂಬುದು ಆಗಮದ ಮಾತು. ಸಮಯವೆಂದರೆ ಕಾಲದ ಅತಿ ಸೂಕ್ಷ್ಮವಾದ ಅಳತೆ. ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಅಂತಹ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ. ಮನೆಯವರು ಅಳಲು ತೊಡಗುವ ಮೊದಲೇ ತಾಯಿಯ ಜೀವ ತನ್ನ ದಾರಿ ಹಿಡಿದಿರುತ್ತದೆ. ಆ ಬಳಿಕ ಇಟ್ಟ ಪಿಂಡವಾಗಲಿ, ಬಡಿಸಿದ ಊಟವಾಗಲಿ ಅವಳನ್ನು ತಲುಪದು. ಆದ್ದರಿಂದಲೇ ಜೈನಾಚಾರ್ಯರು ಶ್ರಾದ್ಧವನ್ನು ಒಪ್ಪಲಿಲ್ಲ.

ಕನ್ನಡದ ಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಯಶೋಧರ ರಾಜನು ತಾಯಿ ಚಂದ್ರಮತಿಯನ್ನು ಅತಿಯಾಗಿ ಪ್ರೀತಿಸುತ್ತಿದ್ದನು. ಮಗನ ಕೆಟ್ಟ ಕನಸಿನ ಪರಿಹಾರಕ್ಕಾಗಿ ದೇವಿಗೆ ಬಲಿ ಕೊಡಬೇಕೆಂದು ಅವಳು ಹಟ ಹಿಡಿದಳು. ಜೀವಹಿಂಸೆಗೆ ಒಪ್ಪದ ಮಗ, ತಾಯಿಯ ಮನಸ್ಸನ್ನು ನೋಯಿಸಲಾರದೆ, ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪಿದನು. ಕೋಳಿ ಹಿಟ್ಟಿನದಾದರೂ ಸಂಕಲ್ಪ ಕೊಲೆಯದೇ ಆಗಿತ್ತು. ಅದರ ಫಲವಾಗಿ ತಾಯಿ ಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ಹುಟ್ಟಿ ತೊಳಲಿದರು. ಅವನ ಮಗ ಯಶೋಮತಿ ಹಿರಿಯರ ಶ್ರಾದ್ಧಕ್ಕೆಂದು ಕೊಲ್ಲಿಸಿದ ಪ್ರಾಣಿಯ ಒಡಲಿನಲ್ಲಿಯೇ ಆ ಹಿರಿಯರ ಜೀವ ಇತ್ತು.

ಈ ಕಥೆ ಎರಡು ವಿಷಯಗಳನ್ನು ಕಲಿಸುತ್ತದೆ. ಅಗಲಿದವರಿಗಾಗಿ ಮಾಡಿದ ಕೆಲಸ ಅವರಿಗೆ ಒಳಿತನ್ನೇ ಮಾಡುತ್ತದೆಂಬ ಭರವಸೆಯಿಲ್ಲ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಕಠಿಣವಾದುದು. ತಾಯಿಯ ಮೇಲಿನ ಪ್ರೀತಿಯಿಂದ ಮಾಡಿದ್ದೆಲ್ಲ ಧರ್ಮವಾಗುವುದಿಲ್ಲ. ಯಶೋಧರನಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಪ್ರೀತಿಯಿಂದಲೇ ‘ಇದು ಬೇಡಮ್ಮ’ ಎಂದು ಹೇಳುವ ಧೈರ್ಯ ಅವನಿಗೆ ಸಾಲದಾಯಿತು.

ಆಗಮಗಳಲ್ಲಿ ತಾಯಂದಿರು

ಹಾಗೆಂದು ಜಿನಧರ್ಮವು ತಾಯಿಯನ್ನು ಕಡೆಗಣಿಸಿತೆಂದು ತಿಳಿಯಬಾರದು. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದ ಪ್ರಕಾರ ಭಗವಾನ್ ಮಹಾವೀರರು ಗರ್ಭದಲ್ಲಿದ್ದಾಗ ತಾಯಿಗೆ ನೋವಾಗಬಾರದೆಂದು ಅಲುಗಾಡದೆ ಇದ್ದರು. ಗರ್ಭಕ್ಕೆ ಏನಾಯಿತೋ ಎಂದು ತ್ರಿಶಲಾದೇವಿ ಕಂಗೆಟ್ಟಾಗ ಮೆಲ್ಲನೆ ಅಲುಗಿ ಅವಳಿಗೆ ಸಮಾಧಾನ ತಂದರು. ತಂದೆತಾಯಿ ಬದುಕಿರುವವರೆಗೆ ದೀಕ್ಷೆ ವಹಿಸಲಾರೆನೆಂದು ಆಗಲೇ ನಿಶ್ಚಯಿಸಿದರು. ದಿಗಂಬರ ಪರಂಪರೆ ಈ ಪ್ರಸಂಗವನ್ನು ಹೇಳುವುದಿಲ್ಲ. 30ನೆಯ ವಯಸ್ಸಿನಲ್ಲಿ ಅವರು ಮನೆಯನ್ನು ಬಿಟ್ಟರೆಂಬುದನ್ನು ಮಾತ್ರ ಎರಡೂ ಪರಂಪರೆಗಳು ಒಪ್ಪುತ್ತವೆ. ತಾಯಿಯನ್ನು ನೋಯಿಸದಿರುವುದು ಒಂದು ಧರ್ಮ, ಕೊನೆಗೆ ಎಲ್ಲ ಬಂಧವನ್ನೂ ಬಿಡುವುದು ಮತ್ತೊಂದು. ಇವೆರಡರ ನಡುವಿನ ಹೊಂದಾಣಿಕೆಯೇ ಶ್ರಾವಕನ ಬಾಳು.

ಮರುದೇವಿಯ ಕಥೆಯನ್ನೂ ಶ್ವೇತಾಂಬರ ಗ್ರಂಥಗಳು ಹೇಳುತ್ತವೆ. ಮನೆ ಬಿಟ್ಟು ಹೋದ ಮಗ ಋಷಭದೇವನಿಗಾಗಿ ಆ ತಾಯಿ ಬಹುಕಾಲ ಹಂಬಲಿಸಿದಳು. ಮೊಮ್ಮಗ ಭರತನು ಅವಳನ್ನು ಆನೆಯ ಮೇಲೆ ಕೂರಿಸಿ ಭಗವಂತರ ಸಮವಸರಣಕ್ಕೆ ಕರೆತಂದನು. ಮಗನ ವೀತರಾಗ ಸ್ಥಿತಿಯನ್ನು ಕಂಡ ಕ್ಷಣದಲ್ಲಿಯೇ ಅವಳ ಮೋಹ ಕಳಚಿಬಿದ್ದಿತು. ಆನೆಯ ಮೇಲಿಂದ ಇಳಿಯುವ ಮೊದಲೇ ಕೇವಲಜ್ಞಾನ ಪಡೆದು ಮುಕ್ತಳಾದಳು. ಆ ಪರಂಪರೆಯಂತೆ ಈ ಅವಸರ್ಪಿಣಿಯಲ್ಲಿ ಮೊದಲು ಮೋಕ್ಷ ಪಡೆದ ಜೀವ ಅವಳದೇ. ಅವಳು ಸಂಘವನ್ನು ಸೇರಿದವಳಲ್ಲ, ತಪಸ್ಸು ಮಾಡಿದವಳಲ್ಲ. ಮನೆಯೊಳಗೇ ಬಾಳಿದ ತಾಯಿ.

ಗೌತಮ ಗಣಧರರ ವಿಷಯವೂ ಹೀಗೆಯೇ ಇದೆ. ಗುರುವಿನ ಮೇಲಿದ್ದ ಪ್ರೀತಿಯೇ ಅವರಿಗೆ ಕೊನೆಯ ತೊಡಕಾಗಿತ್ತೆಂದು ಹೇಳುತ್ತಾರೆ. ಮಹಾವೀರರು ನಿರ್ವಾಣ ಹೊಂದಿದ ದೀಪಾವಳಿಯಂದು ಆ ತೊಡಕು ಹರಿದು ಅವರಿಗೆ ಕೇವಲಜ್ಞಾನವಾಯಿತು. ಅತಿ ಯೋಗ್ಯರಾದವರ ಮೇಲಿನ ರಾಗವೂ ರಾಗವೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

‘ನನ್ನವಳು’ ಮತ್ತು ‘ಗುಣವಂತೆ’

ಹಾಗಾದರೆ ಸ್ಮರಣೆಗೆ ಸ್ಥಾನವೆಲ್ಲಿ? ಎರಡೂ ಪರಂಪರೆಗಳು ಮಾನ್ಯ ಮಾಡಿದ ತತ್ತ್ವಾರ್ಥಸೂತ್ರದಲ್ಲಿ ಇದಕ್ಕೆ ಉತ್ತರವಿದೆ. ಶೋಕ, ಆಕ್ರಂದನ ಮುಂತಾದವು ಅಸಾತಾವೇದನೀಯ ಕರ್ಮಕ್ಕೆ, ಅಂದರೆ ಮುಂದಿನ ದುಃಖಕ್ಕೆ, ಕಾರಣವೆಂದು ಅದರ 6ನೆಯ ಅಧ್ಯಾಯ ತಿಳಿಸುತ್ತದೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಬೆಳೆಸಿಕೊಳ್ಳಬೇಕೆಂದು 7ನೆಯ ಅಧ್ಯಾಯ ಹೇಳುತ್ತದೆ. ಇವುಗಳಲ್ಲಿ ಪ್ರಮೋದವೆಂದರೆ ತನಗಿಂತ ಹೆಚ್ಚು ಗುಣವುಳ್ಳವರನ್ನು ಕಂಡಾಗ ಹುಟ್ಟುವ ಸಂತೋಷ.

ತಾಯಿಯನ್ನು ‘ನನ್ನವಳು’ ಎಂದು ನೆನೆದಾಗ ಶೋಕ ಹುಟ್ಟುತ್ತದೆ. ‘ಇಂಥ ಗುಣವಂತೆ’ ಎಂದು ನೆನೆದಾಗ ಪ್ರಮೋದ ಹುಟ್ಟುತ್ತದೆ. ಮೊದಲನೆಯದು ಮೋಹ, ಎರಡನೆಯದು ಧರ್ಮ. ಎರಡನ್ನೂ ಬೇರ್ಪಡಿಸಿ ನೋಡಲು ಒಂದು ಪರೀಕ್ಷೆಯಿದೆ. ತನ್ನ ತಾಯಿಯಲ್ಲಿ ಮೆಚ್ಚಿದ ಗುಣವನ್ನೇ ಪಕ್ಕದ ಮನೆಯ ತಾಯಿಯಲ್ಲಿ, ಹೆಂಡತಿಯಲ್ಲಿ, ಸೊಸೆಯಲ್ಲಿ ಕಂಡಾಗಲೂ ಮನಸ್ಸು ಅಷ್ಟೇ ಸಂತೋಷಪಡುವುದಾದರೆ ಅದು ಪ್ರಮೋದ. ಹಾಗಾಗದಿದ್ದರೆ ಅವನು ಪ್ರೀತಿಸಿದ್ದು ತನ್ನದೆಂಬುದನ್ನು ಮಾತ್ರ.

ಬಸದಿಯ ಪೂಜೆಯೂ ಇದೇ ನಿಯಮದ ಮೇಲೆ ನಿಂತಿದೆ. ಸಿದ್ಧಶಿಲೆಯಲ್ಲಿ ನೆಲೆಸಿರುವ ಭಗವಂತನು ಯಾರ ಪೂಜೆಯನ್ನೂ ಸ್ವೀಕರಿಸುವುದಿಲ್ಲ, ಯಾರಿಗೂ ವರ ಕೊಡುವುದಿಲ್ಲ. ಆದರೂ ಶ್ರಾವಕನು ಬೆಳಗ್ಗೆ ಎದ್ದು ಅಭಿಷೇಕ ಮಾಡುತ್ತಾನೆ. ಆ ಗುಣಗಳು ತನ್ನಲ್ಲಿ ಬರಲಿ ಎಂದು. ಅಗಲಿದ ತಾಯಿಯ ಸ್ಮರಣೆಯೂ ಹಾಗೆಯೇ. ಅವಳಿಗೆ ಏನನ್ನೂ ತಲುಪಿಸಲಾಗದು. ಅವಳಿಂದ ಪಡೆಯುವುದು ಮಾತ್ರ ಇನ್ನೂ ಉಳಿದಿರುತ್ತದೆ.

ಕಲ್ಲಿನಲ್ಲಿ ಉಳಿದ ತಾಯಂದಿರು

ಜೈನರ ಇತಿಹಾಸದಲ್ಲಿ ಇದಕ್ಕೆ ಸಾಕ್ಷಿಗಳಿವೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನ ತಾಯಿ ಕಾಳಲಾದೇವಿಗೆ ಪೌದನಪುರದ ಬಾಹುಬಲಿಯ ದರ್ಶನ ಮಾಡಬೇಕೆಂಬ ಹಂಬಲವಿತ್ತು. ದರ್ಶನವಾಗುವವರೆಗೆ ಹಾಲು ಮುಟ್ಟುವುದಿಲ್ಲವೆಂದು ಅವಳು ನಿಯಮ ಹಿಡಿದಳೆಂದು ಐತಿಹ್ಯ. ಮಗನು ತಾಯಿಯೊಡನೆ ಹೊರಟು ಶ್ರವಣಬೆಳಗೊಳದಲ್ಲಿ ತಂಗಿದಾಗ, ಸ್ವಪ್ನದ ಆದೇಶದಂತೆ ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಾಣ ಬಿಟ್ಟನು. ಅಲ್ಲಿಯೇ ಗೊಮ್ಮಟೇಶ್ವರನನ್ನು ಕಡೆಸಿದನು. ಸುಮಾರು 981ರಲ್ಲಿ ನಿಂತ, 58 ಅಡಿಗಳಷ್ಟು ಎತ್ತರದ ಆ ಮೂರ್ತಿಯ ಪಾದದ ಬಳಿ ಚಾವುಂಡರಾಯನು ಮಾಡಿಸಿದನೆಂಬ ಮಾತು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಕೆತ್ತಲ್ಪಟ್ಟಿದೆ. ತಾಯಿಯ ಹೆಸರು ಅಲ್ಲಿಲ್ಲ. ಆದರೂ ಸಾವಿರ ವರ್ಷಗಳ ಬಳಿಕವೂ ಜನ ಮೊದಲು ಹೇಳುವುದು ತಾಯಿಯ ಹಂಬಲದ ಕಥೆಯನ್ನೇ.

ಚಾವುಂಡರಾಯನ ಮೊದಲ ಅಭಿಷೇಕದ ಕಥೆಯೂ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟದ್ದೇ. ಕೊಡಕೊಡ ಹಾಲೆರೆದರೂ ಅದು ಮೂರ್ತಿಯ ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಮಾತ್ರ ಪಾದದವರೆಗೂ ಹರಿಯಿತು. ಆ ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಗೊಮ್ಮಟನ ಎದುರಿಗೇ ನಿಂತಿದೆ.

ಕೊಂಗುನಾಡಿನವರಿಗೆ ಈ ಮನೆತನ ದೂರದ್ದಲ್ಲ. ಕೊಯಮತ್ತೂರಿನಿಂದ ಈರೋಡಿಗೆ ಹೋಗುವ ದಾರಿಯಲ್ಲಿ, ತಿರುಪ್ಪೂರು ಜಿಲ್ಲೆಯ ಗಡಿಗೆ ಸಮೀಪದಲ್ಲಿರುವ ವಿಜಯಮಂಗಲದಲ್ಲಿ ಚಂದ್ರಪ್ರಭ ತೀರ್ಥಂಕರರ ಪುರಾತನ ಜಿನಾಲಯವಿದೆ. ಚಾವುಂಡರಾಯನ ತಂಗಿ ಪುಲ್ಲಿಯಪ್ಪೈ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಅಲ್ಲಿ. ಅದನ್ನು ತಿಳಿಸುವ ನಿಷಿಧಿ ಶಾಸನವೂ ಅಲ್ಲಿದೆ. ಅಣ್ಣ ಬೆಳಗೊಳದಲ್ಲಿ ಬೆಟ್ಟವನ್ನೇ ಮೂರ್ತಿಯಾಗಿಸಿದನು. ತಂಗಿ ಕೊಂಗುನಾಡಿನಲ್ಲಿ ತನ್ನ ದೇಹವನ್ನೇ ವ್ರತಕ್ಕೆ ಒಪ್ಪಿಸಿದಳು. ಒಂದು ಮನೆಯಲ್ಲಿ ಬಿತ್ತಿದ ಧರ್ಮ ಎರಡು ನಾಡುಗಳಲ್ಲಿ, ಎರಡು ಬಗೆಯಾಗಿ ಫಲ ಕೊಟ್ಟಿತು. ಈ ಭಾಗದ ಶ್ರಾವಕರಲ್ಲಿ ವರ್ಷಕ್ಕೊಮ್ಮೆ ಬೆಳಗೊಳಕ್ಕೆ ಯಾತ್ರೆ ಹೋಗುವವರು ಬಹಳ. ಹತ್ತಿರದ ವಿಜಯಮಂಗಲದಲ್ಲಿ ಒಂದು ಗಳಿಗೆ ನಿಲ್ಲುವವರೂ ಅಷ್ಟೇ ಸಂಖ್ಯೆಯಲ್ಲಿ ಇರಬೇಕು.

ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗಾಗಿ ಚಿಕ್ಕಬೆಟ್ಟದ ಮೇಲೆ ಕತ್ತಲೆ ಬಸದಿಯನ್ನು ಕಟ್ಟಿಸಿದನು. ಅವಳು ಸಲ್ಲೇಖನದಿಂದ ದೇಹ ಬಿಟ್ಟಾಗ ಅವಳ ದಾನಧರ್ಮಗಳನ್ನು ಶಾಸನದಲ್ಲಿ ಕೆತ್ತಿಸಿದನು. ಗಂಗರಾಜನ ಕಾರ್ಯ ಅಲ್ಲಿಗೆ ನಿಲ್ಲಲಿಲ್ಲ. ತಾಯಿಯಂತೆ ತಾನೂ ಬಸದಿಗಳನ್ನು ಕಟ್ಟಿಸಿದನು, ಹಾಳಾದವನ್ನು ಉದ್ಧರಿಸಿದನು. ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ತಾಯಿಯ ದಾರಿಯನ್ನು ಹಿಡಿದು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ನಿರ್ಮಿಸಿದಳು.

ದಾನಚಿಂತಾಮಣಿ ಅತ್ತಿಮಬ್ಬೆಯ ಬಾಳು ಇನ್ನೂ ಹೃದಯಸ್ಪರ್ಶಿಯಾದುದು. ಪತಿ ನಾಗದೇವ ತೀರಿಕೊಂಡಾಗ ಅವಳ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗನಿಗಾಗಿ ಬದುಕಿ ಉಳಿದಳು. ಹಾಗೆ ಉಳಿದ ಬಾಳಿನಲ್ಲಿ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು, 993ರಲ್ಲಿ ರನ್ನನ ‘ಅಜಿತಪುರಾಣ’ ರೂಪುಗೊಳ್ಳಲು ಆಶ್ರಯವಿತ್ತಳು, 1007ರ ಹೊತ್ತಿಗೆ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಮಗನಿಗಾಗಿ ಉಳಿಸಿಕೊಂಡ ಪ್ರಾಣ ಲೋಕಕ್ಕೆ ಉಪಕಾರವಾಯಿತು.

ಅಡುಗೆಮನೆಯ ಅಹಿಂಸೆ

ರಾಣಿಯರ, ಸೇನಾಪತಿಗಳ ತಾಯಂದಿರ ಹೆಸರು ಕಲ್ಲಿನಲ್ಲಿ ಉಳಿಯಿತು. ಸಾಮಾನ್ಯ ಗೃಹಿಣಿಯ ಹೆಸರು ಎಲ್ಲಿಯೂ ಉಳಿಯಲಿಲ್ಲ. ಆದರೆ ಜೈನನ ಅಹಿಂಸೆ ದಿನವೂ ನಡೆಯುವ ಸ್ಥಳ ಅವಳ ಅಡುಗೆಮನೆಯೇ. ಸಿರುವಾಣಿಯ ಸಿಹಿನೀರು ನಲ್ಲಿಯಲ್ಲಿ ಬಂದರೂ ಬಟ್ಟೆ ಕಟ್ಟಿ ಸೋಸಿದವಳು ಅವಳು. ಬಾವಿಯ ನೀರಾಗಿದ್ದಲ್ಲಿ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಜೋಪಾನವಾಗಿ ಬಿಟ್ಟವಳು ಅವಳು. ಅಕ್ಕಿಬೇಳೆಯನ್ನು ಹಗಲು ಬೆಳಕಿನಲ್ಲಿ ಆರಿಸಿ, ಹುಳವನ್ನು ಕೊಲ್ಲದೆ ಬೇರ್ಪಡಿಸಿದವಳು, ಚಾತುರ್ಮಾಸದಲ್ಲಿ ಸೊಪ್ಪನ್ನು ದೂರವಿಟ್ಟವಳು, ಗೆಡ್ಡೆಗೆಣಸಿಲ್ಲದೆಯೂ ರುಚಿಯಾದ ಊಟ ಬಡಿಸಿದವಳು ಅವಳೇ.

ಅಂಗಡಿಯಲ್ಲಿ ವ್ಯಾಪಾರ ಜೋರಾಗಿರುವ ಹೊತ್ತು, ಬನಿಯನ್ ಕಾರ್ಖಾನೆಯಲ್ಲಿ ಸರಕು ಕಳುಹಿಸುವ ಅವಸರ. ಸೂರ್ಯ ಮುಳುಗಿದ್ದು ಗಂಡಸರಿಗೆ ತಿಳಿಯದು. ಅಂಥ ಸಮಯದಲ್ಲಿ ಎಷ್ಟೋ ಮನೆಗಳಿಂದ ಸಂಜೆ ಐದಕ್ಕೇ ಅಂಗಡಿಗೆ ಊಟದ ಡಬ್ಬಿ ಬರುತ್ತಿತ್ತು. ರಾತ್ರಿಭೋಜನ ತ್ಯಾಗದ ಪುಣ್ಯವನ್ನು ತನ್ನದೆಂದು ತಿಳಿದವನು ಮಗ. ಆದರೆ ಆ ವ್ರತವನ್ನು ನಡೆಸಿದವಳು ತಾಯಿ.

ಕರ್ಮ ಮೂರು ಬಗೆಯಲ್ಲಿ ಬರುತ್ತದೆ ಎಂದು ಶಾಸ್ತ್ರ ಹೇಳುತ್ತದೆ: ತಾನು ಮಾಡುವುದು, ಇತರರಿಂದ ಮಾಡಿಸುವುದು, ಇತರರು ಮಾಡಿದ್ದನ್ನು ಒಪ್ಪುವುದು. ಕೃತ, ಕಾರಿತ, ಅನುಮೋದಿತ. ಗೃಹಿಣಿಯ ಬಾಳನ್ನು ಕೃತದಿಂದ ಮಾತ್ರ ಅಳೆದವರಿಗೆ ಅವಳು ಏನೂ ಮಾಡಲಿಲ್ಲವೆಂದು ತೋರುತ್ತದೆ. ತೀರ್ಥಯಾತ್ರೆ ಮಾಡಲಿಲ್ಲ, ಶಾಸ್ತ್ರ ಓದಲಿಲ್ಲ, ಸಭೆಯಲ್ಲಿ ಮಾತನಾಡಲಿಲ್ಲ. ಕಾರಿತದ ಪುಟ ತೆರೆದರೆ ಮಾತ್ರ ಮನೆಮಂದಿಯೆಲ್ಲರ ಧರ್ಮವೂ ಅವಳ ಹೆಸರಿನಲ್ಲಿ ಜಮೆಯಾಗಿರುವುದು ಕಾಣುತ್ತದೆ. ಮಕ್ಕಳಿಗೆ ಉಳಿದಿರುವುದು ಅನುಮೋದನೆಯ ಭಾಗ. ಮನಸ್ಸಿನಿಂದ ಮಾಡಿದ ನಿಜವಾದ ಅನುಮೋದನೆ ಕೃತಿಯಾಗಿ ಮುಂದುವರಿಯಬೇಕು.

ನಿಯಮವೇ ಸ್ಮಾರಕ

ಮಹಾತ್ಮಾ ಗಾಂಧಿಯವರ ತಾಯಿ ಪುತಲೀಬಾಯಿ ಜೈನಳಲ್ಲ, ವೈಷ್ಣವ ಮನೆಯವಳು. 1888ರಲ್ಲಿ ಮಗ ಇಂಗ್ಲೆಂಡಿಗೆ ಹೊರಟಾಗ ಅವಳು ಹೆದರಿದಳು. ಬೇಚರಜೀ ಸ್ವಾಮಿ ಎಂಬ ಜೈನ ಮುನಿಗಳು ಮದ್ಯ, ಮಾಂಸ, ಪರಸ್ತ್ರೀ ಸಂಗವನ್ನು ಮುಟ್ಟುವುದಿಲ್ಲವೆಂದು ಆ ಯುವಕನಿಂದ ಪ್ರತಿಜ್ಞೆ ಮಾಡಿಸಿದ ಬಳಿಕವೇ ಒಪ್ಪಿಗೆ ಕೊಟ್ಟಳು. 1891ರಲ್ಲಿ ಮಗ ಹಿಂದಿರುಗುವ ಹೊತ್ತಿಗೆ ಅವಳು ಇರಲಿಲ್ಲ. ಆ ಸುದ್ದಿಯನ್ನು ಅವನಿಗೆ ತಿಳಿಸಿದ್ದು ಹಡಗು ಇಳಿದ ಮೇಲೆಯೇ. ತಾನು ಕಣ್ಣೀರನ್ನು ತಡೆದುಕೊಂಡು ಕೆಲಸದಲ್ಲಿ ತೊಡಗಿದೆನೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ತಾಯಿಗೆ ಕೊಟ್ಟ ಮಾತನ್ನು ಪರದೇಶದ ಚಳಿಯಲ್ಲಿ, ಹಸಿವಿನಲ್ಲಿ ಅವರು ಕಾಪಾಡಿಕೊಂಡಿದ್ದರು. ಆ ತಾಯಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಯಾವುದಿದ್ದೀತು?

ಇದನ್ನು ಆಲೋಚಿಸಿದಾಗ ಮನೆಗಳಲ್ಲಿ ನಡೆಯುವ ಒಂದು ವಿಪರ್ಯಾಸ ಕಣ್ಣಿಗೆ ಬೀಳುತ್ತದೆ. ತಾಯಿ ಬದುಕಿರುವಾಗ ಅವಳ ನಿಯಮಗಳು ಮನೆಯವರಿಗೆ ತೊಡಕಾಗಿ ತೋರುತ್ತವೆ. ‘ಈ ವಯಸ್ಸಿನಲ್ಲಿ ಉಪವಾಸ ಏಕೆ, ಕಾಲ ಬದಲಾಗಿದೆ, ಒಂದು ದಿನ ಕತ್ತಲಾದ ಮೇಲೆ ಉಂಡರೇನು’ ಎನ್ನುತ್ತಾರೆ. ಅವಳಿಗಾಗಿ ಬೇರೆ ನೀರು ಕಾಯಿಸುವುದು ಸೊಸೆಗೆ ಭಾರವಾಗುತ್ತದೆ. ಅವಳ ಕೋಣೆಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಲು ಮಗನಿಗೆ ಬಿಡುವಿರುವುದಿಲ್ಲ. ಅವಳು ಹೋದ ಬಳಿಕ ಅದೇ ನಿಯಮಗಳನ್ನು ಶ್ರದ್ಧಾಂಜಲಿಯಲ್ಲಿ ಹಾಡಿ ಹೊಗಳುತ್ತಾರೆ. ಬದುಕಿದ್ದಾಗ ಕೊಡದ ಹತ್ತು ನಿಮಿಷವನ್ನು ಅಮೃತಶಿಲೆಯ ಫಲಕದಿಂದ ತುಂಬಿಸಲಾಗದು. ಮುಪ್ಪಿನ ತಾಯಿಗೆ ಔಷಧೋಪಚಾರ ಮಾಡಿಸುವುದು ಮಕ್ಕಳ ಕರ್ತವ್ಯ. ಅದರೊಡನೆ ಅವಳ ವ್ರತಕ್ಕೆ ಭಂಗ ಬಾರದಂತೆ ಕಾಯುವುದೂ, ಕೊನೆಯ ಗಳಿಗೆಯಲ್ಲಿ ಅಳುವಿನ ಬದಲು ಪಂಚನಮಸ್ಕಾರ ಮಂತ್ರ ಅವಳ ಕಿವಿಗೆ ಬೀಳುವಂತೆ ನೋಡಿಕೊಳ್ಳುವುದೂ ಕರ್ತವ್ಯವೇ.

ಶ್ವೇತಾಂಬರರು ಎಂಟು ದಿನಗಳ ಪರ್ಯೂಷಣದ ಕೊನೆಗೆ ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ. ದಿಗಂಬರರು ದಶಲಕ್ಷಣ ಪರ್ವದ ಬಳಿಕ ಕ್ಷಮಾವಾಣಿಯನ್ನು ಆಚರಿಸುತ್ತಾರೆ. ಆ ದಿನ ದೂರದ ಗಿರಾಕಿಗೂ ಪಾಲುದಾರನಿಗೂ ಕ್ಷಮೆ ಕೋರುವ ಮಗ, ಮನೆಯ ಒಳಕೋಣೆಯಲ್ಲಿ ಕುಳಿತ ತಾಯಿಯ ಕಾಲು ಮುಟ್ಟಿ ಮೊದಲು ಕೇಳಬೇಕು. ಆ ಕ್ಷಮೆಯನ್ನು ಕೊಡಲು ಅವಳಿಗೆ ಈ ಜನ್ಮದಲ್ಲಿ ಮಾತ್ರ ಸಾಧ್ಯ.

ತಾಯಿಯನ್ನು ಕಳೆದುಕೊಂಡ ಮನೆಯವರಿಗೂ ದಾರಿ ಮುಚ್ಚಿಲ್ಲ. ಅವಳ ಪುಣ್ಯತಿಥಿಯಂದು ಭಾವಚಿತ್ರಕ್ಕೆ ಹಾರ ಹಾಕುವುದರ ಜೊತೆಗೆ ಮನೆಯ ಪ್ರತಿಯೊಬ್ಬರೂ ಅವಳ ನಿಯಮಗಳಲ್ಲಿ ಒಂದನ್ನು ಕೈಗೆತ್ತಿಕೊಳ್ಳಲಿ. ಒಬ್ಬರು ರಾತ್ರಿಭೋಜನ ತ್ಯಾಗವನ್ನು, ಮತ್ತೊಬ್ಬರು ನಿತ್ಯದ ಸಾಮಾಯಿಕವನ್ನು, ಮೊಮ್ಮಕ್ಕಳು ನೀರನ್ನು ಸೋಸಿ ಕುಡಿಯುವುದನ್ನು. ಗಂಡುಮಕ್ಕಳೂ ಇದರಲ್ಲಿ ಸೇರಲಿ. ಅಡುಗೆಮನೆಯ ಅಹಿಂಸೆ ಹೆಂಗಸರ ಪಾಲಿಗೆ ಮಾತ್ರ ಬಂದ ಧರ್ಮವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಹಳೆಯ ಬಾಕಿಯನ್ನು ಮೊದಲು ಬರೆಯುವುದು ವರ್ತಕರ ಪದ್ಧತಿ. ತಾಯಿಯ ಬಾಕಿ ಹಣದಿಂದ ತೀರುವಂಥದಲ್ಲ. ಅವಳು ನಡೆದಂತೆ ನಡೆಯುವುದರಿಂದ ಒಂದಿಷ್ಟು ಇಳಿಯಬಹುದು.

ಮೋಹವು ಹೋದವಳನ್ನು ಹಿಂದಕ್ಕೆ ಕರೆಯುತ್ತದೆ, ಅವಳು ಬರಲಾರಳು. ಧರ್ಮವು ಉಳಿದವರನ್ನು ಅವಳ ದಾರಿಯಲ್ಲಿ ಮುಂದಕ್ಕೆ ನಡೆಸುತ್ತದೆ. ಈ ಉತ್ಸವಕ್ಕೆ ಕೂಡಿಬಂದಿರುವ ಸಮಸ್ತ ಕುಟುಂಬಗಳ ಮನೆಗಳಲ್ಲಿ ತಾಯಂದಿರು ದೀರ್ಘಾಯುಷ್ಯದಿಂದಲೂ ಸಮಾಧಾನದಿಂದಲೂ ಬಾಳಲಿ; ಅಗಲಿದ ತಾಯಂದಿರ ಗುಣಗಳು ಮಕ್ಕಳಲ್ಲಿ ಬೆಳಗಲಿ ಎಂದು ಶ್ರೀ ಜಿನೇಂದ್ರ ಭಗವಂತನ ಚರಣಗಳಲ್ಲಿ ಪ್ರಾರ್ಥನೆ.

ಜೈ ಜಿನೇಂದ್ರ.